ಹೂಜಿಗಿಡದ ಬೇನೆ

ಮೇಘಾಲಯದ ಖಾಸಿ, ಜಯಂತಿಯಾ, ಗಾರೋ ಬೆಟ್ಟಗಳಲ್ಲಿ ಬೆಳೆಯುವ ಹೂಜಿಗಿಡವು ಎಲೆಯ ತುದಿಯ ಬಳ್ಳಿಗೆ ಮುಚ್ಚಳವುಳ್ಳ ಹೂಜಿಯೊಂದನ್ನು ತೂಗಬಿಟ್ಟು, ಅದರೊಳಗೆ ಜಾರಿಬಿದ್ದ ಹುಳುಗಳನ್ನು ಜೀರ್ಣಿಸಿಕೊಳ್ಳುವುದು. ಗಾರೋ ಜನರು ಇದನ್ನು 'ಮೆಮಾಂಗ್ ಕೋಕ್ಸಿ', ಎಂದರೆ ದೆವ್ವದ ಬುಟ್ಟಿ, ಎನ್ನುವರು. ಕಾಡಿನಿಂದ ಇದನ್ನು ಕೀಳುವುದು ಕಾನೂನಿಗೆ ವಿರುದ್ಧವಾದುದರಿಂದ, ಸಸಿ ಮಾರುವವರು ಬೆಳೆಸಿದ ಇದರ ಬಳಗದ ಗಿಡಗಳನ್ನೇ ತಂದು ಅಂಗಳದಲ್ಲಿಡುವುದು ರೂಢಿ. ಕೆಲವು ತಿಂಗಳು ಕಳೆಯುತ್ತಲೇ ಹೂಜಿ ಬಿಡಲಿಲ್ಲವೆಂಬ ಕೊರಗು ಮೊದಲಾಗುವುದು. ಒಡನೆಯೇ ಗೊಬ್ಬರ! ಗಿಡವನ್ನು ಕೊಲ್ಲಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ. ನೆಲದಲ್ಲಿ ಸಾರಜನಕವು ಸಾಲದೆ ಹುಳುವನ್ನು ನಂಬಿದ ಗಿಡವಿದು. ಗೊಬ್ಬರದ ಲವಣವನ್ನು ಇದರ ಬೇರು ತಾಳಲಾರದು.

ಮೊದಲು ಎಲೆಯನ್ನು ನೋಡತಕ್ಕದ್ದು. ಅದು ಕಡುಹಸುರಾಗಿ ಸೊಂಪಾಗಿದ್ದೂ ಬಳ್ಳಿಯ ತುದಿ ಊದದಿದ್ದರೆ ಬೆಳಕು ಸಾಲದು. ಬೆಳಗಿನ ಬಿಸಿಲಿಗೆ ಇಡಿರಿ. ತುದಿಯ ಮೊಗ್ಗು ಕಪ್ಪಾಗಿ ಒಣಗಿದರೆ ಗಾಳಿಯಲ್ಲಿ ತೇವವಿಲ್ಲ. ಬೇರೆ ಕುಂಡಗಳ ನಡುವೆ, ನೀರಿನ ತಟ್ಟೆಯ ಸಮೀಪದಲ್ಲಿರಿಸಿದರೆ ಸುಧಾರಿಸುವುದು. ಕುಂಡದ ಅಂಚಿಗೆ ಬಿಳಿಯ ಉಪ್ಪು ಕಟ್ಟಿದ್ದರೆ ದೋಷವು ಕೊಳವೆಬಾವಿಯ ಗಡಸು ನೀರಿನದು. ಮಳೆಯ ನೀರನ್ನು ಹಿಡಿದಿಟ್ಟು, ತಳದಿಂದ ಹರಿದುಹೋಗುವಂತೆ ಎರಡು ಮೂರು ಸಲ ಹೊಯ್ದು ಉಪ್ಪನ್ನು ತೊಳೆಯಬೇಕು. ಇಷ್ಟಕ್ಕೂ ಗಿಡವು ಬಾಡಿಯೇ ಇದ್ದರೆ ಬೇರನ್ನು ಪರೀಕ್ಷಿಸಿರಿ. ಬೇರು ಕಪ್ಪಗಿದೆಯೆಂದು ಹೆದರಬೇಕಾಗಿಲ್ಲ, ಆರೋಗ್ಯದಲ್ಲಿಯೂ ಅದರ ಬಣ್ಣ ಕಪ್ಪೇ. ಮುಟ್ಟಿದರೆ ಮೆತ್ತಗಾಗಿ ಕಳಚುವುದಷ್ಟೇ ಕೊಳೆತದ್ದು. ಅದನ್ನು ಕತ್ತರಿಸಿ, ಚೆನ್ನಾಗಿ ತೊಳೆದ ತೆಂಗಿನ ನಾರು, ಇದ್ದಲಿನ ಚೂರು, ದಪ್ಪ ಮರಳುಗಳಲ್ಲಿ ಮರಳಿ ನೆಡತಕ್ಕದ್ದು.

ಹಳೆಯ ಹೂಜಿ ಒಣಗುವುದು ಬೇನೆಯಲ್ಲ. ಮಕ್ಕಳು ಅದರೊಳಗೆ ಅನ್ನ ಮಾಂಸಗಳನ್ನು ಹಾಕಿ ಕೊಳೆಯಿಸದಂತೆ ಕಾಯ್ದರಾಯಿತು. ತುದಿ ಒಣಗಿದ ಎಲೆಯಲ್ಲಿ ಮತ್ತೆ ಹೂಜಿ ಮೂಡದು. ಗುಣವಾಯಿತೇ ಎಂಬುದನ್ನು ಇನ್ನು ಬರುವ ಹೊಸ ಎಲೆಯಲ್ಲಿಯೇ ಕಾಣಬೇಕು.