ತರಕಾರಿ ಸೇವನೆ ಮತ್ತು ಹೊಟ್ಟೆಯುಬ್ಬರ

ಹೈದರಾಬಾದಿನ ತಾರ್ನಾಕಾ ಪ್ರದೇಶದಲ್ಲಿರುವ ರಾಷ್ಟ್ರೀಯ ಪೌಷ್ಟಿಕಾಹಾರ ಸಂಸ್ಥೆಯು 2024ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಭಾರತೀಯರ ಆಹಾರ ಮಾರ್ಗಸೂಚಿಗಳಲ್ಲಿ, ದಿನಕ್ಕೆ 2000 ಕಿಲೋಕ್ಯಾಲರಿ ಆಹಾರ ಸೇವಿಸುವ ವ್ಯಕ್ತಿಗೆ ಸುಮಾರು 400 ಗ್ರಾಂ ತರಕಾರಿ ಹಾಗೂ 100 ಗ್ರಾಂ ಹಣ್ಣು ಅಗತ್ಯವೆಂದು ಸೂಚಿಸಲಾಗಿದೆ. ಅನ್ನ, ಸಾರು, ಉಪ್ಪಿನಕಾಯಿಗಳಲ್ಲಿ ಊಟ ಮುಗಿಸುವ ಕುಟುಂಬಗಳಿಗೆ ಇದು ಸಣ್ಣ ಬದಲಾವಣೆಯೇನಲ್ಲ. ಮಧುಮೇಹ, ರಕ್ತದೊತ್ತಡ ಅಥವಾ ಬೊಜ್ಜಿನ ಕಾರಣದಿಂದ ವೈದ್ಯರ ಸಲಹೆಯಂತೆ ತರಕಾರಿಯನ್ನು ಒಮ್ಮೆಲೇ ಹೆಚ್ಚಿಸಿದವರಲ್ಲಿ ಅನೇಕರಿಗೆ ಕೆಲವೇ ದಿನಗಳಲ್ಲಿ ಹೊಟ್ಟೆಯುಬ್ಬರ, ಗುಡುಗುಡು ಸದ್ದು, ಅಪಾನವಾಯುವಿನ ಕಿರಿಕಿರಿ ಆರಂಭವಾಗುತ್ತದೆ. ತಮ್ಮ ದೇಹಪ್ರಕೃತಿಗೆ ತರಕಾರಿ ಒಗ್ಗುವುದಿಲ್ಲವೆಂದು ಭಾವಿಸಿ ಅವರು ಹಳೆಯ ಊಟಕ್ಕೇ ಹಿಂತಿರುಗುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಈ ತೀರ್ಮಾನವು ಅವಸರದ್ದಾಗಿರುತ್ತದೆ. ಆರೋಗ್ಯವಂತರಲ್ಲಿ ಈ ತೊಂದರೆಯು ರೋಗಸೂಚಕವಲ್ಲ. ಪ್ರಮಾಣವನ್ನು ಕ್ರಮೇಣ ಏರಿಸಿದರೆ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ತಗ್ಗುತ್ತದೆ.

ವಾಯು ಉತ್ಪತ್ತಿಯಾಗುವ ಬಗೆ

ಅನ್ನ, ರೊಟ್ಟಿಗಳಲ್ಲಿರುವ ಪಿಷ್ಟದ ಬಹುಭಾಗವು ಸಣ್ಣ ಕರುಳಿನಲ್ಲಿಯೇ ಜೀರ್ಣವಾಗಿ ರಕ್ತವನ್ನು ಸೇರುತ್ತದೆ. ತರಕಾರಿಯ ನಾರಿನಂಶವು ಹಾಗಲ್ಲ. ಅದನ್ನು ಒಡೆಯಬಲ್ಲ ಕಿಣ್ವಗಳು ಮನುಷ್ಯನ ಜೀರ್ಣರಸಗಳಲ್ಲಿ ಇಲ್ಲದಿರುವುದರಿಂದ ಅದು ದೊಡ್ಡ ಕರುಳನ್ನು ತಲುಪುತ್ತದೆ. ಅಲ್ಲಿ ವಾಸಿಸುವ ಅಸಂಖ್ಯ ಸೂಕ್ಷ್ಮಾಣುಗಳು ಅದರ ಒಂದು ಭಾಗವನ್ನು ಹುದುಗಿಸುತ್ತವೆ. ದೋಸೆಯ ಹಿಟ್ಟು ರಾತ್ರಿಯಲ್ಲಿ ಉಬ್ಬಿ ಬರುವಂತೆ ಇಲ್ಲಿಯೂ ಹುದುಗುವಿಕೆಯಿಂದ ಅನಿಲಗಳು ಹುಟ್ಟುತ್ತವೆ. ಇವು ಮುಖ್ಯವಾಗಿ ಜಲಜನಕ ಮತ್ತು ಇಂಗಾಲದ ಡೈ ಆಕ್ಸೈಡ್. ಕೆಲವರಲ್ಲಿ ಮೀಥೇನ್ ಕೂಡ ಇರುತ್ತದೆ. ಇವ್ಯಾವುದಕ್ಕೂ ವಾಸನೆಯಿಲ್ಲ. ದುರ್ವಾಸನೆಯು ಅತ್ಯಲ್ಪ ಪ್ರಮಾಣದ ಗಂಧಕಯುಕ್ತ ಅನಿಲಗಳಿಂದ ಬರುತ್ತದೆ. ಎಲೆಕೋಸು, ಹೂಕೋಸು, ಮೂಲಂಗಿಗಳಲ್ಲಿ ಗಂಧಕದ ಸಂಯುಕ್ತಗಳು ಹೆಚ್ಚಾಗಿರುವುದರಿಂದಲೇ ಅವುಗಳಿಗೆ ಈ ಅಪಕೀರ್ತಿ.

ಇದೇ ಹುದುಗುವಿಕೆಯಿಂದ ಕೆಲವು ಕೊಬ್ಬಿನಾಮ್ಲಗಳೂ ಉತ್ಪತ್ತಿಯಾಗಿ ದೊಡ್ಡ ಕರುಳಿನ ಒಳಪೊರೆಯ ಜೀವಕೋಶಗಳಿಗೆ ಪೋಷಣೆಯನ್ನು ಒದಗಿಸುತ್ತವೆ. ಆದುದರಿಂದ ವಾಯುವೇ ಹುಟ್ಟದಂತಹ ಆಹಾರವನ್ನು ಹುಡುಕುವುದು ಸಾಧುವಲ್ಲ. ಆರೋಗ್ಯವಂತ ವಯಸ್ಕರ ಕರುಳಿನಿಂದ ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ವಾಯು ಹೊರಬೀಳುತ್ತದೆ. ದಿನಕ್ಕೆ ಹತ್ತಿಪ್ಪತ್ತು ಬಾರಿ ವಾಯು ಹೋಗುವುದು ಸಹಜವಾದದ್ದೇ. ಸಂಕೋಚದಿಂದ ಈ ವಿಷಯವನ್ನು ಯಾರೂ ಮಾತನಾಡದಿರುವುದರಿಂದ ಪ್ರತಿಯೊಬ್ಬರೂ ತಮಗೆ ಮಾತ್ರವೇ ಹೀಗಾಗುತ್ತಿದೆಯೆಂದು ತಿಳಿಯುತ್ತಾರೆ.

ಬೇಳೆಕಾಳುಗಳ ಪಾತ್ರ

ತರಕಾರಿ ಹೆಚ್ಚಿಸುವವರು ಅದರೊಡನೆ ಕಾಳುಗಳನ್ನೂ ಹೆಚ್ಚಿಸುವುದುಂಟು. ಆಗ ದೂರು ತರಕಾರಿಯ ಮೇಲೆ ಬೀಳುತ್ತದೆ, ಕಾರಣವು ಕಾಳುಗಳಲ್ಲಿರುತ್ತದೆ. ಕಡಲೆ, ಅಲಸಂದೆ, ಉದ್ದು, ತೊಗರಿ ಮೊದಲಾದವುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್, ವರ್ಬಾಸ್ಕೋಸ್ ಎಂಬ ಸಕ್ಕರೆಗಳಿವೆ. ಇವುಗಳನ್ನು ಒಡೆಯುವ ಕಿಣ್ವವೂ ಮನುಷ್ಯನಲ್ಲಿ ಇಲ್ಲ. ಹೈದರಾಬಾದಿನ ಸಂಸ್ಥೆಯ ವಿಜ್ಞಾನಿಗಳು 1978ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಾಳುಗಳನ್ನು ಮೊಳಕೆ ಬರಿಸಿದಾಗ ಈ ಸಕ್ಕರೆಗಳು ಕಡಿಮೆಯಾಗುವುದು ಕಂಡುಬಂದಿತು. ಸಂಸ್ಥೆಯು 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಸಂಯೋಜನಾ ಕೋಷ್ಟಕಗಳಲ್ಲಿ 528 ಆಹಾರ ಪದಾರ್ಥಗಳ ವಿವರಗಳಿದ್ದು, ಈ ಸಕ್ಕರೆಗಳಿಗೂ ಅಲ್ಲಿ ಸ್ಥಾನ ದೊರೆತಿದೆ.

ಕಡಲೆ, ಅಲಸಂದೆ, ರಾಜ್ಮಾಗಳನ್ನು ರಾತ್ರಿಯಿಡೀ ನೆನೆಸಿ, ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಬೇಕು. ಇದರಿಂದ ನೀರಿನಲ್ಲಿ ಕರಗುವ ಜೀವಸತ್ವಗಳು ಸ್ವಲ್ಪ ನಷ್ಟವಾಗುತ್ತವೆಯಾದರೂ, ತೊಂದರೆ ಇರುವವರಿಗೆ ಈ ನಷ್ಟವು ಸಹನೀಯ. ತರಕಾರಿ ಬೇಯಿಸಿದ ನೀರನ್ನು ಮಾತ್ರ ಚೆಲ್ಲಬಾರದು. ಸಾರಿಗೆ ಸೇರಿಸುವುದು ಒಳ್ಳೆಯದು. ಕಾಳು ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವ ಅಭ್ಯಾಸವನ್ನು ಬಿಡುವುದು ಲೇಸು. ಸೋಡಾವು ಥಯಾಮಿನ್ ಎಂಬ ಬಿ ಜೀವಸತ್ವವನ್ನು ನಾಶಪಡಿಸುತ್ತದೆ. ಈ ಜೀವಸತ್ವದ ಕೊರತೆಯಿಂದಲೇ ಬೆರಿಬೆರಿ ರೋಗ ಬರುತ್ತದೆ. 1918ರಲ್ಲಿ ಕೂನೂರಿನಲ್ಲಿ ಡಾ. ರಾಬರ್ಟ್ ಮೆಕ್‌ಕ್ಯಾರಿಸನ್ ಅವರ ನೇತೃತ್ವದಲ್ಲಿ ಆರಂಭವಾಗಿ, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡ ಈ ಸಂಸ್ಥೆಯು ಹುಟ್ಟಿದ್ದೇ ಬೆರಿಬೆರಿಯ ವಿಚಾರಣೆಗಾಗಿ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಹೆಚ್ಚಿಸುವ ಕ್ರಮ

ಈಗ ದಿನಕ್ಕೆ 150 ಗ್ರಾಂ ತರಕಾರಿ ತಿನ್ನುವವರು ಮರುದಿನವೇ 400 ಗ್ರಾಂ ತಿನ್ನಬೇಕಾಗಿಲ್ಲ. ಮೊದಲ ವಾರ ಅರ್ಧ ಬಟ್ಟಲಿನಷ್ಟು ಬೇಯಿಸಿದ ಪಲ್ಯವನ್ನು ಹೆಚ್ಚಿಸಿ, ಹೊಟ್ಟೆಗೆ ಹಿತವೆನಿಸಿದ ಮೇಲೆ ಇನ್ನಷ್ಟು ಸೇರಿಸಬಹುದು. ಕರುಳಿನ ಸೂಕ್ಷ್ಮಾಣುಗಳು ಹೊಸ ಆಹಾರಕ್ಕೆ ಹೊಂದಿಕೊಳ್ಳಲು ಕಾಲಾವಕಾಶ ಬೇಕು. ಆರಂಭದಲ್ಲಿ ಸೋರೆಕಾಯಿ, ಹೀರೆಕಾಯಿ, ಪಡವಲಕಾಯಿ, ಬೂದುಗುಂಬಳ, ಗಜ್ಜರಿ, ಪಾಲಕ್, ಮೆಂತ್ಯದ ಸೊಪ್ಪು ಇವು ಅನುಕೂಲ. ತೆಲುಗರು ಗೋಂಗೂರ ಎನ್ನುವುದೂ ಕಲಬುರಗಿ, ಬೀದರಗಳ ಮನೆಗಳಲ್ಲಿ ಪುಂಡಿಪಲ್ಯವಾಗುವುದೂ ಒಂದೇ ಸೊಪ್ಪು. ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಅದು ರೈತು ಬಜಾರಿನಲ್ಲಿ ಸುಲಭವಾಗಿ ದೊರೆಯುತ್ತದೆ. ಎಲೆಕೋಸು, ಹೂಕೋಸು, ಅವರೆ, ಗೋರಿಕಾಯಿಗಳನ್ನು ತಡವಾಗಿ, ಒಂದೊಂದಾಗಿ ಸೇರಿಸಬೇಕು. ಒಂದೇ ದಿನ ಕೋಸಿನ ಪಲ್ಯ, ಕಡಲೆಯ ಉಸಲಿ, ಹಸಿ ಈರುಳ್ಳಿ ಮೂರನ್ನೂ ತಿಂದವರಿಗೆ ಯಾವುದರಿಂದ ತೊಂದರೆಯಾಯಿತೆಂದು ತಿಳಿಯುವುದು ಅಸಾಧ್ಯ.

ಊಟವನ್ನು ನಿಧಾನವಾಗಿ ಅಗಿದು ತಿನ್ನುವುದರಿಂದ ಗಾಳಿ ನುಂಗುವುದು ಕಡಿಮೆಯಾಗುತ್ತದೆ. ಸೋಡಾ ಪಾನೀಯಗಳಿಂದ ತೇಗು ಬಂದು ಹಗುರವೆನಿಸಿದರೂ ಅವು ಹೊಟ್ಟೆಗೆ ಅನಿಲವನ್ನೇ ಸೇರಿಸುತ್ತವೆ. ನಾರಿನಂಶ ಹೆಚ್ಚಿದಾಗ ನೀರನ್ನೂ ಹೆಚ್ಚಾಗಿ ಕುಡಿಯಬೇಕು. ಇಲ್ಲವಾದರೆ ಮಲಬದ್ಧತೆಯೂ ಜೊತೆಗೂಡುತ್ತದೆ. ಊಟದ ಅನಂತರ ಸ್ವಲ್ಪ ದೂರ ನಡೆದಾಡುವುದು ಹಿತಕರ. ಇಂಗು, ಜೀರಿಗೆ, ಓಂಕಾಳು, ಶುಂಠಿಗಳು ತಲೆತಲಾಂತರದಿಂದ ಬಳಕೆಯಲ್ಲಿವೆ. ಅಡುಗೆಯ ಪ್ರಮಾಣದಲ್ಲಿ ಇವುಗಳಿಂದ ಹಾನಿಯಿಲ್ಲ. ಆದರೆ ಪ್ರಮಾಣ ಮೀರಿದ ಕೋಸನ್ನು ಚಿಟಿಕೆ ಇಂಗು ಸರಿಪಡಿಸಲಾರದು.

ಹಾಲನ್ನೂ ಇದೇ ಸಮಯದಲ್ಲಿ ಹೊಸದಾಗಿ ಆರಂಭಿಸಿದ್ದರೆ ಅದನ್ನೂ ಗಮನಿಸಬೇಕು. ವಯಸ್ಕರಲ್ಲಿ ಅನೇಕರಿಗೆ ಹಾಲಿನ ಸಕ್ಕರೆ ಪೂರ್ಣವಾಗಿ ಜೀರ್ಣವಾಗುವುದಿಲ್ಲ. ಅಂತಹವರಿಗೆ ಮೊಸರು ಮೇಲು. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್, ಅಕಾರ್ಬೋಸ್, ವೋಗ್ಲಿಬೋಸ್ ಗುಳಿಗೆಗಳಿಂದಲೂ ಹೊಟ್ಟೆಯುಬ್ಬರ ಬರುವುದುಂಟು. ಹೊಸದಾಗಿ ಮಧುಮೇಹ ಪತ್ತೆಯಾದವರು ಗುಳಿಗೆ ಮತ್ತು ತರಕಾರಿಗಳೆರಡನ್ನೂ ಸಾಮಾನ್ಯವಾಗಿ ಒಂದೇ ವಾರದಲ್ಲಿ ಆರಂಭಿಸುತ್ತಾರೆ. ಅವರು ಗುಳಿಗೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಗ್ಯಾಸ್ ಎಂಬ ಮಾತಿನ ಅಪಾಯ

ಹುಳಿತೇಗು, ಎದೆಯುರಿ, ಹೊಟ್ಟೆಯುಬ್ಬರ, ಅಪಾನವಾಯು ಇವೆಲ್ಲವನ್ನೂ ಜನರು ಗ್ಯಾಸ್ ಎಂಬ ಒಂದೇ ಮಾತಿನಿಂದ ಕರೆಯುತ್ತಾರೆ. ಪರಿಣಾಮವಾಗಿ, ಔಷಧದ ಅಂಗಡಿಯಿಂದ ಆಮ್ಲ ತಗ್ಗಿಸುವ ಗುಳಿಗೆಗಳನ್ನು ತಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಜಠರದ ಆಮ್ಲವನ್ನು ತಗ್ಗಿಸುವ ಔಷಧವು ದೊಡ್ಡ ಕರುಳಿನಲ್ಲಿ ಹುಟ್ಟುವ ವಾಯುವನ್ನು ತಡೆಯುವುದಿಲ್ಲ. ವೈದ್ಯರ ಸಲಹೆಯಿಲ್ಲದೆ ಇವುಗಳನ್ನು ದೀರ್ಘಕಾಲ ಸೇವಿಸಬಾರದು.

ಇದಕ್ಕಿಂತಲೂ ಗಂಭೀರವಾದ ಸಂಗತಿಯೆಂದರೆ ಹೃದಯಾಘಾತದ ನೋವನ್ನು ಗ್ಯಾಸ್ ಎಂದು ತಿಳಿದು ಕಾಲಹರಣ ಮಾಡುವುದು. ಎದೆಯಲ್ಲಿ ಒತ್ತಿದಂತೆ ಅಥವಾ ಹಿಂಡಿದಂತೆ ನೋವು, ತೋಳು, ಕುತ್ತಿಗೆ, ದವಡೆಗೆ ಹರಡುವ ನೋವು, ಬೆವರು, ಉಸಿರಾಟದ ತೊಂದರೆ ಇವುಗಳಲ್ಲಿ ಯಾವುದೇ ಕಂಡುಬಂದರೂ ಓಂಕಾಳಿನ ಕಷಾಯ ಕುದಿಸುತ್ತ ಕೂಡದೆ 108ಕ್ಕೆ ಕರೆಮಾಡಿ ಕೂಡಲೇ ಆಸ್ಪತ್ರೆಗೆ ತಲುಪಬೇಕು. ಮಧುಮೇಹಿಗಳಲ್ಲಿ ಎದೆನೋವು ಇಲ್ಲದೆಯೂ ಹೃದಯಾಘಾತವಾಗಬಹುದಾದ ಕಾರಣ ಅವರ ಮನೆಯವರು ವಿಶೇಷವಾಗಿ ಎಚ್ಚರವಹಿಸುವುದು ಅಗತ್ಯ.

ಹೊಟ್ಟೆ ಬಿಗಿದು ಮಲವೂ ವಾಯುವೂ ಹೊರಹೋಗದೆ ವಾಂತಿಯಾಗುತ್ತಿದ್ದರೆ ಅದೂ ತುರ್ತು ಪರಿಸ್ಥಿತಿಯೇ. ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ, ರಕ್ತಹೀನತೆ, ಜ್ವರ, ನಿದ್ರೆಯಿಂದ ಎಬ್ಬಿಸುವಂತಹ ಹೊಟ್ಟೆನೋವು ಅಥವಾ 50 ವರ್ಷ ಮೀರಿದವರಲ್ಲಿ ಹೊಸದಾಗಿ ತೋರಿ ವಾರಗಟ್ಟಲೆ ಉಳಿಯುವ ಹೊಟ್ಟೆಯುಬ್ಬರ ಇದ್ದಲ್ಲಿ, ತರಕಾರಿಯನ್ನು ದೂಷಿಸುತ್ತ ಕಾಯದೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾಗಲಿ ಸರ್ಕಾರಿ ಆಸ್ಪತ್ರೆಯಲ್ಲಾಗಲಿ ತಪಾಸಣೆ ಮಾಡಿಸಿಕೊಳ್ಳಬೇಕು. ಅಂತಹ ಭೇಟಿಯ ವೇಳೆ ಕಳೆದ ಎರಡು ವಾರಗಳಲ್ಲಿ ಸೇವಿಸಿದ ಆಹಾರ ಹಾಗೂ ಔಷಧಗಳನ್ನು ಬರೆದುಕೊಂಡು ಹೋದರೆ ವೈದ್ಯರಿಗೆ ಕಾರಣವನ್ನು ಗುರುತಿಸಲು ಸುಲಭವಾಗುತ್ತದೆ.