ಪೀಜೋ ಮತ್ತು ಕಾಂತ ಪಿಕಪ್ಪುಗಳುಳ್ಳ ಗಿಟಾರನ್ನು ವರ್ಧಕಗಳಿಗೆ ಜೋಡಿಸುವ ವಿಚಾರ

ವಿದ್ಯುತ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ವಿದ್ಯುತ್ಸಂಕೇತವನ್ನಾಗಿ ಮಾರ್ಪಡಿಸುವ ಅಂಗಕ್ಕೆ ಪಿಕಪ್ಪೆಂದು ಹೆಸರು. ಆ ಸಂಕೇತವನ್ನು ಬಲಪಡಿಸಿ ಸ್ಪೀಕರಿಗೆ ಒಪ್ಪಿಸುವ ಆಂಪ್ಲಿಫೈಯರನ್ನು ಈ ಲೇಖನದಲ್ಲಿ ವರ್ಧಕವೆಂದು ಕರೆದಿದ್ದೇವೆ. ಜಾರ್ಜ್ ಬ್ಯೂಷಾಂಪ್ ೧೯೩೧ರಲ್ಲಿ ರೂಪಿಸಿ, ಅಡಾಲ್ಫ್ ರಿಕೆನ್‌ಬ್ಯಾಕರನ ಸಹಯೋಗದಿಂದ ಮರುವರ್ಷ ಮಾರಾಟಕ್ಕೆ ಬಂದ ಗಿಟಾರಿನಲ್ಲಿದ್ದುದು ಕಾಂತ ಪಿಕಪ್ಪು. ಬಹುಕಾಲದವರೆಗೆ ವಿದ್ಯುತ್ ಗಿಟಾರೆಂದರೆ ಅದೊಂದೇ ಬಗೆಯದೆಂಬ ಭಾವನೆಯಿದ್ದಿತು. ೧೯೯೩ರಲ್ಲಿ ಕೆನ್ ಪಾರ್ಕರ್ ಮತ್ತು ಲ್ಯಾರಿ ಫಿಶ್‌ಮನ್ ಹೊರತಂದ ಪಾರ್ಕರ್ ಫ್ಲೈ ಎಂಬ ವಾದ್ಯದಲ್ಲಿ ಕಾಂತ ಪಿಕಪ್ಪುಗಳ ಜೊತೆಗೆ ಕುದುರೆಯಲ್ಲಿ ಪೀಜೋ ಪಿಕಪ್ಪೂ ಸೇರಿತ್ತು. ಅನಂತರ ಅನೇಕ ತಯಾರಕರು ಇದೇ ಜೋಡಣೆಯನ್ನು ಅನುಸರಿಸಿದರು. ಒಂದೇ ವಾದ್ಯದಿಂದ ವಿದ್ಯುತ್ ಗಿಟಾರಿನ ತುಂಬು ನಾದವನ್ನೂ ಮರದ ಗಿಟಾರಿಗೆ ಸಮೀಪವಾದ ನಾದವನ್ನೂ ಪಡೆಯಬಹುದೆಂಬುದು ಇದರ ಆಕರ್ಷಣೆ. ಆದರೆ ಎರಡನ್ನೂ ಒಂದೇ ಕೇಬಲ್ಲಿನಿಂದ ಒಂದೇ ಗಿಟಾರ್ ವರ್ಧಕಕ್ಕೆ ಕೊಟ್ಟ ವಾದಕರು, ಪೀಜೋ ನಾದವು ತಗಡಿನ ಸದ್ದಿನಂತೆ ತೆಳುವಾಗಿದೆಯೆಂದು ಆಕ್ಷೇಪಿಸುವುದು ಸಾಮಾನ್ಯ. ದೋಷವು ಬಹುಮಟ್ಟಿಗೆ ಪಿಕಪ್ಪಿನದಲ್ಲ, ಜೋಡಣೆಯದು ಎಂಬುದನ್ನು ಇಲ್ಲಿ ತೋರಿಸಲು ಉದ್ದೇಶಿಸಿದ್ದೇವೆ.

ಮೊದಲು ಕಾಂತ ಪಿಕಪ್ಪನ್ನು ನೋಡೋಣ. ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿದ ಸುರುಳಿಯೇ ಅದರ ಶರೀರ. ಉಕ್ಕಿನ ತಂತಿ ಅದರ ಮೇಲೆ ಕಂಪಿಸಿದಾಗ ಕಾಂತಕ್ಷೇತ್ರವು ಏರಿಳಿದು, ಫ್ಯಾರಡೆಯು ೧೮೩೧ರಲ್ಲಿ ಕಂಡುಹಿಡಿದ ನಿಯಮದಂತೆ ಸುರುಳಿಯಲ್ಲಿ ವೋಲ್ಟೇಜು ಹುಟ್ಟುವುದು. ತಂತಿಯಲ್ಲಿ ಕಬ್ಬಿಣದ ಅಂಶವಿದ್ದರೆ ಮಾತ್ರ ಇದು ಸಾಧ್ಯ. ನೈಲಾನಿನ ಅಥವಾ ಬರಿಯ ಹಿತ್ತಾಳೆಯ ತಂತಿ ಎಷ್ಟು ಕಂಪಿಸಿದರೂ ಈ ಪಿಕಪ್ಪು ಅದನ್ನು ಅರಿಯದು. ಸುರುಳಿಗೆ ಕೆಲವು ಕಿಲೋಓಮ್ ರೋಧವೂ ಎರಡು ಹೆನ್ರಿಗೆ ಮೇಲ್ಪಟ್ಟ ಪ್ರೇರಕತೆಯೂ ಇರುವುದು. ಕೇಬಲ್ಲಿನ ಧಾರಕತೆಯು ಈ ಪ್ರೇರಕತೆಯೊಡನೆ ಕೂಡಿ ಒಂದು ಅನುರಣನವನ್ನು ಉಂಟುಮಾಡುತ್ತದೆ. ನಿದರ್ಶನಕ್ಕೆ, ೨.೫ ಹೆನ್ರಿಯ ಪಿಕಪ್ಪಿಗೆ ಅದರ ಸ್ವಂತ ೧೦೦ ಪಿಕೊಫ್ಯಾರಡ್ ಸೇರಿಸಿ, ಮೀಟರಿಗೆ ೧೦೦ ಪಿಕೊಫ್ಯಾರಡ್ ಧಾರಕತೆಯುಳ್ಳ ಐದು ಮೀಟರ್ ಕೇಬಲ್ಲನ್ನು ಜೋಡಿಸಿದರೆ ಅನುರಣನವು ಸುಮಾರು ೪,೧೦೦ ಹರ್ಟ್ಸ್‌ನಲ್ಲಿ ಬೀಳುವುದು. ಕೇಬಲ್ಲು ಹತ್ತು ಮೀಟರಾದರೆ ಅದು ಸುಮಾರು ೩,೦೦೦ಕ್ಕೆ ಇಳಿಯುವುದು. ಅದಕ್ಕಿಂತ ಮೇಲಿನ ಸ್ವರಾಂಶಗಳು ಬೇಗನೆ ಕ್ಷೀಣಿಸುತ್ತವೆ. ಗಿಟಾರ್ ವರ್ಧಕದ ಹನ್ನೆರಡು ಅಂಗುಲದ ಸ್ಪೀಕರೂ ಐದಾರು ಸಾವಿರ ಹರ್ಟ್ಸ್‌ಗಳ ಮೇಲೆ ಹೆಚ್ಚೇನನ್ನೂ ನುಡಿಯದು. ಇದನ್ನು ಕೊರತೆಯೆಂದು ಭಾವಿಸುವಂತಿಲ್ಲ. ಜನರು ವಿದ್ಯುತ್ ಗಿಟಾರಿನ ನಾದವೆಂದು ಗುರುತಿಸುವುದು ಪಿಕಪ್ಪು, ಕೇಬಲ್ಲು, ವರ್ಧಕ, ಸ್ಪೀಕರು ಇವೆಲ್ಲ ಒಟ್ಟಾಗಿ ಸೋಸಿ ಕೊಟ್ಟ ನಾದವನ್ನೇ.

ಪೀಜೋ ಪಿಕಪ್ಪಿನ ಸ್ವಭಾವವೇ ಬೇರೆ. ಕೆಲವು ಹರಳುಗಳನ್ನು ಅದುಮಿದರೆ ಅವುಗಳ ಮೇಲ್ಮೈಯಲ್ಲಿ ವಿದ್ಯುದಾವೇಶ ಕಾಣಿಸಿಕೊಳ್ಳುವುದೆಂದು ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು ೧೮೮೦ರಲ್ಲಿ ತೋರಿಸಿಕೊಟ್ಟರು. ಗಿಟಾರಿನಲ್ಲಿ ಈ ಗುಣವುಳ್ಳ ಪಿಂಗಾಣಿಯ ತುಣುಕನ್ನಾಗಲಿ ಪ್ಲಾಸ್ಟಿಕ್ಕಿನ ಹಾಳೆಯನ್ನಾಗಲಿ, ತಂತಿಯು ಕುದುರೆಯ ಮೇಲೆ ಊರುವೆಡೆಯಲ್ಲಿ ಇಡುತ್ತಾರೆ. ತಂತಿ ಯಾವ ಲೋಹದ್ದಾದರೂ ಚಿಂತೆಯಿಲ್ಲ. ಒತ್ತಡ ಬಿದ್ದರೆ ಸಾಕು. ನಮ್ಮ ವೀಣಾವಾದಕರು ಕಚೇರಿಯಲ್ಲಿ ಕೊಡದ ಹಲಗೆಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕು ಸಾಮಾನ್ಯವಾಗಿ ಇದೇ ಜಾತಿಯದಾದುದರಿಂದ ಮುಂದಿನ ಲೆಕ್ಕವು ಅದಕ್ಕೂ ಸಲ್ಲುವುದು.

ವಿದ್ಯುದ್ದೃಷ್ಟಿಯಿಂದ ಪೀಜೋ ಪಿಕಪ್ಪು ಒಂದು ಸಣ್ಣ ಧಾರಕ. ಅದರ ಧಾರಕತೆಯನ್ನು ೫೦೦ ಪಿಕೊಫ್ಯಾರಡ್ ಎಂದಿಟ್ಟುಕೊಂಡು, ಸಾಮಾನ್ಯ ಗಿಟಾರ್ ವರ್ಧಕದ ಒಂದು ಮೆಗೋಮ್ ಪ್ರವೇಶಕ್ಕೆ ನೇರವಾಗಿ ಸೇರಿಸಿದೆವೆನ್ನೋಣ. ಆಗ ಸುಮಾರು ೩೨೦ ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳು ಕುಗ್ಗತೊಡಗುತ್ತವೆ. ಗಿಟಾರಿನ ಅತಿ ಮಂದ್ರ ತಂತಿಯ ಆವೃತ್ತಿಯಾದರೋ ೮೨ ಹರ್ಟ್ಸ್. ಎಂದರೆ ಮಂದ್ರ ತಂತಿಗಳ ಮೂಲಸ್ವರವು ವರ್ಧಕವನ್ನು ಸೇರುವ ಮೊದಲೇ ಬಹುಪಾಲು ಸೋರಿಹೋಗಿ, ಉಪಸ್ವರಗಳು ಮಾತ್ರ ಉಳಿಯುತ್ತವೆ. ತಗಡಿನ ಸದ್ದಿನ ಮೂಲ ಇದೇ. ನಡುವೆ ಐದು ಮೀಟರ್ ಕೇಬಲ್ಲಿದ್ದರೆ ಈ ಎಲ್ಲೆ ೧೬೦ಕ್ಕೆ ಇಳಿಯುವುದಾದರೂ, ವೋಲ್ಟೇಜು ಅರ್ಧಕ್ಕೆ ಬೀಳುವುದು. ಪ್ರವೇಶದ ರೋಧವನ್ನು ಹತ್ತು ಮೆಗೋಮಿಗೆ ಏರಿಸಿದರೆ ಕೇಬಲ್ಲಿನ ನೆರವಿಲ್ಲದೆಯೇ ಎಲ್ಲೆ ೩೨ ಹರ್ಟ್ಸ್‌ಗೆ ಸರಿದು, ವಾದ್ಯದ ಸಕಲ ಸ್ವರಗಳೂ ಉಳಿಯುವುವು. ಆದ್ದರಿಂದ ಪೀಜೋಗೆ ತೀರ ಹತ್ತಿರದಲ್ಲಿ, ವಾದ್ಯದೊಳಗೇ, ಹೆಚ್ಚಿನ ಪ್ರವೇಶರೋಧವುಳ್ಳ ಒಂದು ಪೂರ್ವವರ್ಧಕವನ್ನು ಇಡಬೇಕಾಗುವುದು. ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ನಡೆಯುವ ಈ ಚಿಕ್ಕ ಮಂಡಲದ ಮುಖ್ಯ ಕೆಲಸ ಸದ್ದನ್ನು ಹೆಚ್ಚಿಸುವುದಲ್ಲ. ದುರ್ಬಲವಾದ ಆಕರವನ್ನು ಕೇಬಲ್ಲಿನ ಹೊರೆಯಿಂದ ಕಾಪಾಡುವುದು.

ಹಣ ಉಳಿಸುವ ಆಸೆಯಿಂದ ಎರಡು ಪಿಕಪ್ಪುಗಳನ್ನೂ ಪೂರ್ವವರ್ಧಕವಿಲ್ಲದೆ ಸಮಾಂತರವಾಗಿ ಬೆಸೆಯುವವರುಂಟು. ಫಲವನ್ನು ಲೆಕ್ಕದಿಂದಲೇ ಹೇಳಬಹುದು. ೮೨ ಹರ್ಟ್ಸ್‌ನಲ್ಲಿ ನಮ್ಮ ಪೀಜೋವಿನ ಪ್ರತಿಬಾಧೆ ಸುಮಾರು ೩೯ ಲಕ್ಷ ಓಮ್. ಪಕ್ಕದ ಸುರುಳಿಯದು ಎಂಟು ಸಾವಿರ. ಪೀಜೋ ಸಂಕೇತದಲ್ಲಿ ಉಳಿಯುವುದು ಹೆಚ್ಚುಕಡಮೆ ಐನೂರರಲ್ಲಿ ಒಂದು ಪಾಲು.

ಇನ್ನು ವರ್ಧಕಗಳ ವಿಚಾರ. ಕಾಂತ ಪಿಕಪ್ಪಿಗೆ ಹೊಂದುವ ಗಿಟಾರ್ ವರ್ಧಕವು ಪೀಜೋಗೆ ಹೊಂದದು. ಪೀಜೋ ನಾದದಲ್ಲಿ ಹುರುಳಿರುವುದು ಎತ್ತರದ ಸ್ವರಾಂಶಗಳಲ್ಲಿ. ಅವನ್ನು ಆ ಸ್ಪೀಕರು ನುಂಗಿಬಿಡುವುದು. ವರ್ಧಕವನ್ನು ಅತಿಯಾಗಿ ಏರಿಸಿ ನಾದವನ್ನು ಒಡೆಯುವ ಪದ್ಧತಿಯೂ ಪೀಜೋವಿನ ಪಾಲಿಗೆ ಕರ್ಕಶವೇ. ಆದುದರಿಂದ ಕಾಂತ ಸಂಕೇತವನ್ನು ಗಿಟಾರ್ ವರ್ಧಕಕ್ಕೂ, ಪೀಜೋ ಸಂಕೇತವನ್ನು ಮರದ ಗಿಟಾರಿಗೆಂದು ಮಾಡಿದ ವರ್ಧಕಕ್ಕೋ ಸಭಾಂಗಣದ ಮಿಕ್ಸರಿಗೋ ಪ್ರತ್ಯೇಕವಾಗಿ ಒಯ್ಯುವುದೇ ಮೇಲೆಂದು ನಮ್ಮ ಅಭಿಪ್ರಾಯ. ಇದಕ್ಕೆ ಅನೇಕ ವಾದ್ಯಗಳಲ್ಲಿ ಸ್ಟೀರಿಯೊ ಜ್ಯಾಕಿರುವುದು. ಪ್ಲಗ್ಗಿನ ತುದಿ ಒಂದು ಸಂಕೇತವನ್ನೂ ಉಂಗುರವು ಇನ್ನೊಂದನ್ನೂ ಒಯ್ಯುತ್ತವೆ. ಬುಡದ ಕವಚ ಎರಡಕ್ಕೂ ಸಮಾನ. ಕವಲೊಡೆದ ಕೇಬಲ್ಲೊಂದು ಅವುಗಳನ್ನು ಎರಡು ಪ್ಲಗ್ಗುಗಳಿಗೆ ಹಂಚುವುದು. ಯಾವುದು ತುದಿ, ಯಾವುದು ಉಂಗುರ ಎಂಬುದು ತಯಾರಕನಿಂದ ತಯಾರಕನಿಗೆ ಬೇರೆಯಾಗುವುದರಿಂದ ಕೈಪಿಡಿಯನ್ನು ನೋಡಲೇಬೇಕು. ಒಂಟಿ ಸಂಕೇತದ ಪ್ಲಗ್ಗನ್ನು ಅಲ್ಲಿ ಚುಚ್ಚಿದರೆ ಉಂಗುರದ ಸಂಪರ್ಕವು ಕವಚಕ್ಕೆ ತಗುಲಿ ಒಂದು ನಾದ ಇಲ್ಲವಾಗುವುದು. ಪ್ಲಗ್ಗು ಜ್ಯಾಕಿನಲ್ಲಿರುವವರೆಗೂ ಬ್ಯಾಟರಿ ಸವೆಯುತ್ತಿರುವ ವ್ಯವಸ್ಥೆ ಸಾಮಾನ್ಯವಾದುದರಿಂದ ನುಡಿಸಿದ ಮೇಲೆ ಅದನ್ನು ಕಿತ್ತಿಡುವುದು ಲೇಸು.

ಎರಡು ನಾದಗಳನ್ನು ಒಟ್ಟಿಗೆ ಕೇಳಿಸುವಾಗ ಅವು ಒಂದನ್ನೊಂದು ಅಳಿಸುವ ಸಂಭವವೂ ಉಂಟು. ಸ್ಪೀಕರುಗಳಲ್ಲಿ ಒಂದು ಕೇಳುಗನಿಗೆ ೩೪ ಸೆಂಟಿಮೀಟರ್ ದೂರವಾದರೆ ಅದರ ಶಬ್ದ ಒಂದು ಮಿಲಿಸೆಕೆಂಡು ತಡವಾಗಿ ಬರುವುದು. ಎರಡರ ಬಲ ಸಮನಾಗಿದ್ದು ಉಳಿದಂತೆ ಅವು ಒಂದೇ ಹೆಜ್ಜೆಯಲ್ಲಿದ್ದರೆ ೫೦೦ ಹರ್ಟ್ಸ್‌ನ ಸ್ವರವು ಅಲ್ಲಿ ಅಡಗುವುದು. ಇದಲ್ಲದೆ, ಕಾಂತ ಪಿಕಪ್ಪು ತಂತಿಯ ವೇಗವನ್ನೂ ಪೀಜೋ ಅದರ ಒತ್ತಡವನ್ನೂ ಅಳೆಯುವುದರಿಂದ ಮೂಲದಲ್ಲೇ ಅವುಗಳ ಹೆಜ್ಜೆ ಒಂದಲ್ಲ. ಸಂಕೇತವನ್ನು ತಿರುಗುಮುರುಗು ಮಾಡುವ ಗುಂಡಿ ಪೀಜೋ ವರ್ಧಕದಲ್ಲಿದ್ದರೆ ಎರಡು ಸ್ಥಾನಗಳಲ್ಲೂ ಕೇಳಿ, ತುಂಬಾಗಿ ನುಡಿಯುವುದನ್ನು ಆರಿಸಬೇಕು. ಇಲ್ಲಿ ಕಿವಿಯೇ ಪ್ರಮಾಣ.

ಕಡೆಯ ವಿಷಯವು ನಾದಕ್ಕಲ್ಲ, ಪ್ರಾಣಕ್ಕೆ ಸಂಬಂಧಿಸಿದುದು. ಗಿಟಾರಿನ ತಂತಿಗಳನ್ನು ಕೇಬಲ್ಲಿನ ಕವಚಕ್ಕೂ, ಅದರ ಮೂಲಕ ವರ್ಧಕದ ಭೂಸಂಪರ್ಕಕ್ಕೂ ಸೇರಿಸಿರುತ್ತಾರೆ. ಒಂದೇ ವಾದ್ಯ ಎರಡು ವರ್ಧಕಗಳಿಗೆ ಸೇರಿದಾಗ ಎರಡು ಕವಚಗಳೂ ಎರಡು ಭೂತಂತಿಗಳೂ ಕೂಡಿ ಒಂದು ಮುಚ್ಚಿದ ಸುತ್ತು ಏರ್ಪಡುವುದು. ಸುತ್ತಲಿನ ಟ್ರಾನ್ಸ್‌ಫಾರ್ಮರುಗಳ ಕಾಂತಕ್ಷೇತ್ರವು ಅದರಲ್ಲಿ ಪ್ರವಾಹವನ್ನು ಹರಿಸಿ, ನಮ್ಮ ದೇಶದಲ್ಲಿ ೫೦ ಹರ್ಟ್ಸ್‌ನ ಮತ್ತು ಅದರ ಗುಣಕಗಳ ಗುಂಯ್‌ಗುಡುವಿಕೆ ಕೇಳಿಸುತ್ತದೆ. ಇದನ್ನು ನಿಲ್ಲಿಸಲು ಒಂದು ವರ್ಧಕದ ಮೂರು ಕಡ್ಡಿಯ ಪ್ಲಗ್ಗಿನಿಂದ ಭೂಸಂಪರ್ಕದ ಕಡ್ಡಿಯನ್ನು ತೆಗೆದುಹಾಕುವ ಅಭ್ಯಾಸ ವೇದಿಕೆಗಳಲ್ಲಿ ಕಾಣುವುದು. ಸದ್ದು ನಿಲ್ಲುವುದು ನಿಜ. ಆದರೆ ಅನಂತರ ಆ ವರ್ಧಕದಲ್ಲಿ ನಿರೋಧ ಕೆಟ್ಟರೆ ಅದರ ಪೆಟ್ಟಿಗೆಗೆ ೨೩೦ ವೋಲ್ಟು ಬಂದು, ತಂತಿ ಮತ್ತು ಮೈಕುಗಳ ನಡುವೆ ವಾದಕನ ದೇಹವೇ ದಾರಿಯಾಗಬಹುದು. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್‌ವಾದಕ ಲೆಸ್ ಹಾರ್ವಿಯವರು ೧೯೭೨ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ, ಭೂಸಂಪರ್ಕ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಅಸುನೀಗಿದರು.

ಸುತ್ತನ್ನು ಕಡಿಯಬೇಕಾದುದು ಸಂಕೇತದ ದಾರಿಯಲ್ಲಿ, ಮನೆಯ ವಿದ್ಯುತ್ತಿನ ದಾರಿಯಲ್ಲಲ್ಲ. ಕೇಬಲ್ಲಿನ ನಡುವೆ ಶ್ರವ್ಯ ಸಂಕೇತಗಳಿಗೆಂದೇ ಮಾಡಿದ ಪ್ರತ್ಯೇಕಕ ಟ್ರಾನ್ಸ್‌ಫಾರ್ಮರನ್ನು ಸೇರಿಸಿದರೆ ಸಂಕೇತವು ಕಾಂತಕ್ಷೇತ್ರದ ಮೂಲಕ ದಾಟಿ, ಕವಚಗಳು ಬೇರೆಯಾಗಿಯೇ ಉಳಿಯುತ್ತವೆ. ಅದನ್ನು ಪೀಜೋ ಕವಲಿನಲ್ಲಿಯೇ ಇಡತಕ್ಕದ್ದು. ಅಲ್ಲಿ ಪೂರ್ವವರ್ಧಕವಿರುವುದರಿಂದ ಟ್ರಾನ್ಸ್‌ಫಾರ್ಮರಿನ ಹೊರೆ ತಾಳಿಕೊಳ್ಳುವುದು. ಕಾಂತ ಕವಲಿನಲ್ಲಿಟ್ಟರೆ ಮೇಲೆ ಹೇಳಿದ ಅನುರಣನ ಕೆಡುವುದು. ಹೀಗೆ ಮಾಡಿದಾಗ ತಂತಿಗಳ ಭೂಸಂಪರ್ಕವೂ ಗಿಟಾರ್ ವರ್ಧಕದ ಮೂಲಕ ಎಂದಿನಂತೆ ಉಳಿದಿರುವುದು. ಎರಡು ವರ್ಧಕಗಳಿಗೂ ಒಂದೇ ಫಲಕದಿಂದ ವಿದ್ಯುತ್ತನ್ನು ಪಡೆದು, ೩೦ ಮಿಲಿಆಂಪಿಯರ್ ಸೋರಿಕೆಗೆ ಕಡಿದುಕೊಳ್ಳುವ ಸ್ವಿಚ್ಚನ್ನು ಅದರ ಹಿಂದೆ ಇಡಬೇಕು.