ಕರ್ನಾಟಕದಲ್ಲಿ ಫ್ಯೂಷನ್ ಸಂಗೀತ

ಕರ್ನಾಟಕದಲ್ಲಿ ಫ್ಯೂಷನ್ ಸಂಗೀತ ಅಥವಾ ಸಮ್ಮಿಳನ ಸಂಗೀತವೆಂದರೆ ಶಾಸ್ತ್ರೀಯ ಸಂಗೀತದ ರಾಗ, ತಾಳ ಮತ್ತು ಕೃತಿಗಳನ್ನು ವಿದ್ಯುತ್ ಗಿಟಾರ್, ಕೀಬೋರ್ಡ್, ಡ್ರಮ್ಸ್ ಮೊದಲಾದ ಆಧುನಿಕ ವಾದ್ಯಗಳೊಡನೆ ಹಾಗೂ ಜಾಝ್, ರಾಕ್ ಮುಂತಾದ ಅನ್ಯದೇಶೀಯ ಲಯಗಳೊಡನೆ ಬೆಸೆದು ನಿರೂಪಿಸುವ ಪದ್ಧತಿ. ಜನಪದ ಗೀತೆ ಮತ್ತು ತತ್ತ್ವಪದಗಳನ್ನು ಗಿಟಾರ್, ಡ್ರಮ್ಸ್‌ಗಳೊಡನೆ ಹಾಡುವ ರಘು ದೀಕ್ಷಿತ್ ಮೊದಲಾದವರ ಸಂಗೀತವು ಇದಕ್ಕೆ ಸಮೀಪವಾದರೂ ಬೇರೊಂದು ಪ್ರಕಾರ. ವಾದ್ಯ ಬದಲಾದ ಮೇಲೂ ರಾಗದ ಗಮಕ ಮತ್ತು ತಾಳದ ಲೆಕ್ಕಾಚಾರ ಉಳಿಯುತ್ತವೆಯೇ ಎಂಬುದು ಫ್ಯೂಷನ್ ಸಂಗೀತದ ಮೂಲಭೂತ ಪ್ರಶ್ನೆಯಾಗಿದೆ.

ಹಿನ್ನೆಲೆ

ಹೊರಗಿನ ವಾದ್ಯಗಳನ್ನು ಒಳಗೊಳ್ಳುವುದು ದಕ್ಷಿಣಾದಿ ಸಂಗೀತಕ್ಕೆ ಹೊಸದಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1859) ಯುರೋಪಿನ ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ಅಳವಡಿಸಿದರು. ಮೈಸೂರು ಆಸ್ಥಾನದ ಟಿ. ಚೌಡಯ್ಯನವರು (1895–1967) ನಾದದ ಗಾತ್ರವನ್ನು ಹೆಚ್ಚಿಸಲು ಏಳು ತಂತಿಗಳ ಪಿಟೀಲನ್ನು ರೂಪಿಸಿದರು.

ಹಾರ್ಮೋನಿಯಂನ ಇತಿಹಾಸ ಇಷ್ಟು ಸರಳವಲ್ಲ. ಅದರ ಸ್ವರಗಳು ಸ್ಥಿರವಾದ್ದರಿಂದ ಅದರಲ್ಲಿ ಮೀಂಡ್ ಮತ್ತು ಗಮಕಗಳನ್ನು ನುಡಿಸಲಾಗದೆಂಬ ಆಕ್ಷೇಪವಿತ್ತು. ಆಕಾಶವಾಣಿಯು 1940ರಲ್ಲಿ ಅದನ್ನು ನಿಷೇಧಿಸಿ, 1970ರ ದಶಕದಲ್ಲಿ ನಿರ್ಬಂಧವನ್ನು ಸಡಿಲಿಸಿತು. ಆದರೂ ಯಾದಗಿರಿ, ಕಲಬುರಗಿ ಸೇರಿದಂತೆ ಉತ್ತರದ ಜಿಲ್ಲೆಗಳ ಭಜನೆ ಮತ್ತು ವಚನಗಾಯನಗಳಲ್ಲಿ ಇಂದು ಅದು ನಿತ್ಯದ ವಾದ್ಯವಾಗಿದೆ.

ಪ್ರಮುಖ ಪ್ರಯೋಗಗಳು

ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸಂಸ್ಥೆಯನ್ನು ಸ್ಥಾಪಿಸಿದರು. ಈ ಸಂಸ್ಥೆಯ ಕಲಾವಿದರು ಜರ್ಮನಿಯ ಎಂಬ್ರಿಯೊ ಮತ್ತು ಡಿಸಿಡೆಂಟನ್ ತಂಡಗಳೊಡನೆ ನುಡಿಸಿದರು. ಗಾಯಕಿ ಆರ್.ಎ. ರಮಾಮಣಿ ಹಾಗೂ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ ಈ ಸಂಸ್ಥೆಯು ಧ್ವನಿಮುದ್ರಿಸಿದ ‘ಜ್ಯೋತಿ’ 1983ರಲ್ಲಿ ದಾಖಲಾಯಿತು.

ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕದ್ರಿ ಗೋಪಾಲನಾಥ್ (1949–2019) ಸ್ಯಾಕ್ಸೋಫೋನನ್ನು ಕಛೇರಿ ವಾದ್ಯವನ್ನಾಗಿಸಿದರು. ಅವರು ರುದ್ರೇಶ್ ಮಹಂತಪ್ಪ ಅವರೊಡನೆ ನುಡಿಸಿದ ‘ಕಿನ್ಸ್‌ಮೆನ್’ (2008) ಧ್ವನಿಮುದ್ರಿಕೆಯಲ್ಲಿ ಮೃದಂಗ, ಪಿಟೀಲುಗಳ ಜೊತೆ ಗಿಟಾರ್, ಡ್ರಮ್ಸ್‌ಗಳೂ ಇವೆ. 2003ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಅಗಂ’ ತಂಡವು ಸ್ವಾತಿ ತಿರುನಾಳರ ಧನಾಶ್ರೀ ತಿಲ್ಲಾನವನ್ನು ರಾಕ್ ಶೈಲಿಯಲ್ಲಿ ಪ್ರಸ್ತುತಪಡಿಸಿದೆ.

ಗಮಕ ಮತ್ತು ವಿದ್ಯುತ್ ವಾದ್ಯಗಳು

ವಿದ್ಯುತ್ ಗಿಟಾರಿನಲ್ಲಿ ತಂತಿಗಳ ಕೆಳಗೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿಯುಳ್ಳ ಪಿಕಪ್ ಇರುತ್ತದೆ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ದುರ್ಬಲ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ವರ್ಧಿಸುತ್ತದೆ. ಒಂದೇ ಮೀಟಿನ ನಾದ ದೀರ್ಘಕಾಲ ಕೇಳಿಸುವುದರಿಂದ, ವೀಣೆಯಲ್ಲಿರುವಂತೆ ತಂತಿಯನ್ನು ಎಳೆದು ಗಮಕ ನುಡಿಸಲು ಅವಕಾಶವಾಗುತ್ತದೆ. ಯು. ಶ್ರೀನಿವಾಸ್ (1969–2014) ಅವರು ನಾಲ್ಕು ಜೋಡಿ ತಂತಿಗಳ ಮ್ಯಾಂಡೊಲಿನ್ ಬದಲು ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ ಬಳಸಿ ಇದನ್ನು ಸಾಧಿಸಿದರು. ಕೀಬೋರ್ಡಿನಲ್ಲಿ ಹಾರ್ಮೋನಿಯಂನಂತೆಯೇ ಸ್ವರಗಳು ಸ್ಥಿರವಾಗಿರುತ್ತವೆ. ಆದರೆ ಸ್ವರವನ್ನು ಜಾರಿಸುವ ಚಕ್ರವೊಂದು ಅನೇಕ ಕೀಬೋರ್ಡುಗಳಲ್ಲಿದೆ.

ಹಲವು ಸ್ವರಗಳನ್ನು ಒಮ್ಮೆಗೇ ನುಡಿಸುವ ಪಾಶ್ಚಾತ್ಯ ಸ್ವರಮೇಳ, ಅಂದರೆ ಕಾರ್ಡ್, ಇನ್ನೊಂದು ತೊಡಕು. ಮೋಹನ ರಾಗದಲ್ಲಿ ಮಧ್ಯಮ, ನಿಷಾದಗಳಿಲ್ಲ. ಷಡ್ಜ–ಗಾಂಧಾರ–ಪಂಚಮಗಳ ಕಾರ್ಡ್ ಅದಕ್ಕೆ ಹೊಂದುತ್ತದೆ. ಆದರೆ ಪಂಚಮದ ಮೇಲೆ ಅದೇ ಬಗೆಯ ಕಾರ್ಡ್ ಕಟ್ಟಿದರೆ ನಿಷಾದ ಸೇರಿ ರಾಗದ ಸ್ವರೂಪ ಕೆಡುತ್ತದೆ. ಆದ್ದರಿಂದ ಕೆಲವರು ಕಾರ್ಡ್‌ಗಳನ್ನು ಮಿತವಾಗಿ ಬಳಸಿ ಆಧಾರಶ್ರುತಿಯನ್ನೇ ಮುಂದುವರಿಸುತ್ತಾರೆ.

ತಾಳ ಮತ್ತು ಅನ್ಯದೇಶೀಯ ಲಯಗಳು

ಎಂಟು ಅಕ್ಷರಗಳ ಆದಿತಾಳವು ನಾಲ್ಕು ಎಣಿಕೆಯ ರಾಕ್ ಲಯದ ಎರಡು ಸುತ್ತುಗಳಿಗೆ ಸರಿಹೊಂದುತ್ತದೆ. ಐದು ಎಣಿಕೆಯ ಖಂಡಛಾಪುವಿಗೆ 1959ರ ಪ್ರಸಿದ್ಧ ಜಾಝ್ ಕೃತಿ ‘ಟೇಕ್ ಫೈವ್’ನ ಐದೆಣಿಕೆಯ ಲಯ ಸಮೀಪವಾದುದು. ಮೊತ್ತ ಒಂದೇ ಇದ್ದರೂ ವಿಭಜನೆ ಭಿನ್ನವಾಗಿರಬಹುದು: ಮಿಶ್ರಛಾಪು ಮೂರು–ನಾಲ್ಕಾಗಿ ಒಡೆದರೆ, ಬಲ್ಗೇರಿಯದ ರಚೆನಿತ್ಸ ನೃತ್ಯದ ಏಳು ಎಣಿಕೆ ಎರಡು–ಎರಡು–ಮೂರಾಗಿ ಒಡೆಯುತ್ತದೆ. ಇಂತಹ ವ್ಯತ್ಯಾಸಗಳನ್ನು ಭಿನ್ನ ಪರಂಪರೆಗಳ ವಾದಕರು ಅರಿತುಕೊಳ್ಳಲು ಬಾಯಿಂದ ಜತಿ ಹೇಳುವ ಕೊನ್ನಕ್ಕೋಲ್ ನೆರವಾಗುತ್ತದೆ. ಅದಕ್ಕೆ ವಾದ್ಯವೂ ಬೇಕಿಲ್ಲ, ಸ್ವರಲಿಪಿಯೂ ಬೇಕಿಲ್ಲ.

ಟೀಕೆ ಮತ್ತು ಸಮರ್ಥನೆ

ಡ್ರಮ್ಸ್‌ನ ಅಬ್ಬರದಲ್ಲಿ ಸೂಕ್ಷ್ಮ ಗಮಕಗಳು ಮರೆಯಾಗುತ್ತವೆ, ಸಾಹಿತ್ಯದ ಭಾವ ಹಿಂದೆ ಸರಿಯುತ್ತದೆ, ವಿಳಂಬಕಾಲದ ಆಲಾಪನೆಗೆ ಎಡೆ ಸಿಗುವುದಿಲ್ಲ ಎಂಬುದು ಟೀಕಾಕಾರರ ವಾದ. ಕಛೇರಿಗೆ ಬಾರದ ಯುವಜನರಿಗೆ ರಾಗದ ಪರಿಚಯ ದೊರೆಯುತ್ತದೆಂಬುದು ಸಮರ್ಥಕರ ಉತ್ತರ. ಪಿಟೀಲು ಗಮಕಕ್ಕೆ ಒಗ್ಗಿದ್ದರಿಂದ ಕರ್ನಾಟಕ ಸಂಗೀತದಲ್ಲಿ ನೆಲೆಯೂರಿತು. ಹಾರ್ಮೋನಿಯಂ ಒಗ್ಗದ ಕಾರಣಕ್ಕೇ ದೀರ್ಘಕಾಲ ಆಕ್ಷೇಪಕ್ಕೆ ಗುರಿಯಾಯಿತು. ವಿದ್ಯುತ್ ವಾದ್ಯಗಳ ಕುರಿತ ಚರ್ಚೆಯೂ ಇದೇ ಅಳತೆಗೋಲಿನ ಸುತ್ತ ನಡೆಯುತ್ತಿದೆ.